ಕೊಣ್ಣೂರಿನ ಎರಡು ರಿಂಗು

ಗಜೇಂದ್ರಗಡದ ಗಾದಿ ಮುರ್ತುಜಾಸಾಬರ ಮನೆಯಲ್ಲಿ ಜಗಳಕ್ಕೆ ಯಾವತ್ತೂ ಬರವಿರಲಿಲ್ಲ. ರೊಟ್ಟಿ ದಪ್ಪವಾಯಿತು, ಅರಳೆಯ ಚೀಲ ಬಾಗಿಲಿಗೆ ಅಡ್ಡವಾಯಿತು, ರಫೀಕ ಹೊತ್ತೇರಿದರೂ ಏಳಲಿಲ್ಲ, ಇಷ್ಟು ಸಾಕಾಗುತ್ತಿತ್ತು. ಆದರೆ ೨೦೦೮ರ ಮಳೆಗಾಲದಲ್ಲಿ ಆ ಮನೆ ಮೂರು ವಾರ ಜಗಳಾಡಿದ್ದು ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ವಸ್ತುವಿಗಾಗಿ. ಅದರ ಹೆಸರು ಬ್ರಾಡ್‌ಬ್ಯಾಂಡ್.

ಮನೆಯ ಮುಂಭಾಗದಲ್ಲಿ ಗಾದಿ ಅಂಗಡಿ. ಹಿರಿಯ ಮಗ ಮುಜಫ್ಫರ ಅಲ್ಲಿ ಅರಳೆ ಹಿಂಜುವ ಮಷಿನು ನಡೆಸುತ್ತಿದ್ದ. ಅವನ ಹೆಂಡತಿ ಹುಸ್ನಾ ಗಾದಿ, ತಲೆದಿಂಬುಗಳಿಗೆ ಗವಸು ಹೊಲಿಯುತ್ತಿದ್ದಳು. ಕಿರಿಯ ಮಗ ರಫೀಕನಿಗೆ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ. ತಂತಿ ಎಂಬ ಹೆಸರಿನದು ಏನೇ ಇದ್ದರೂ ತನಗೆ ಗೊತ್ತು ಎಂಬ ಹಮ್ಮು ಅವನಿಗಿತ್ತು. ಹಿರಿಯರಾದ ಮುರ್ತುಜಾಸಾಬರು ಗಾದಿಗೆ ಟಾಕಿ ಹಾಕಿ ಹೊಲಿಯುವುದನ್ನು ಬಿಟ್ಟು ಐದು ವರ್ಷವಾಗಿತ್ತು. ಈಗ ಅವರ ಮುಖ್ಯ ಕೆಲಸವೆಂದರೆ ಪ್ರತಿ ಶುಕ್ರವಾರ ಮಸೀದಿಯ ಕರಿಹಲಗೆಯ ಮೇಲೆ ಆ ವಾರದ ನಮಾಜಿನ ವೇಳೆ ಬರೆಯುವುದು. ಅಕ್ಷರ ಮುತ್ತಿನಂತಿದ್ದವು. ಅದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಅವರ ಹೆಂಡತಿ ಸುಗರಾ ಹೆಚ್ಚು ಮಾತಿನವಳಲ್ಲ. ಅಡುಗೆಮನೆಯೂ ಪಡಸಾಲೆಯ ಗೂಡಿನಲ್ಲಿದ್ದ ಕೆಂಪು ಫೋನೂ ಅವಳ ರಾಜ್ಯ.

ಬ್ರಾಡ್‌ಬ್ಯಾಂಡ್ ಬಂದದ್ದು ಮುಜಫ್ಫರನ ಮಗಳು ನಾಜಮೀನಳಿಗಾಗಿ. ಬಿ.ಎ. ಮುಗಿಸಿ, ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತ ಹುಡುಗಿ. ಹುಬ್ಬಳ್ಳಿಯ ಪ್ರೆಸ್ಸಿನ ಗುರುಸಂಗಪ್ಪನವರು ಅವಳ ಕೆಲಸ ನೋಡಿ, ಮನೆಯಿಂದಲೇ ಪುಟ ಮಾಡಿ ಕಳಿಸು, ಮೊದಲು ಪರೀಕ್ಷೆಗೆ ಅಂತ ಮಾಡು, ಆಮೇಲೆ ಕಾಯಂ ಮಾಡೋಣ ಎಂದಿದ್ದರು. ಆ ಮನೆಯ ಹೆಣ್ಣುಮಕ್ಕಳು ತಲೆಮಾರುಗಳಿಂದ ಕೆಲಸ ಮಾಡಿದ್ದರು, ಆದರೆ ಯಾರ ಕೆಲಸಕ್ಕೂ ಅವರದೇ ಹೆಸರಿರಲಿಲ್ಲ. ನಾಜಮೀನಳಿಗೆ ಅದು ಬೇಕಿತ್ತು. ಬಹಳ ಬೇಕಿತ್ತು.

ಲೈನ್‌ಮನ್ ಸಂಗನಬಸವ ಬಂದು ಪಡಸಾಲೆಯ ಫೋನಿನ ಪಕ್ಕದಲ್ಲೇ ಮೋಡೆಮ್ ಕೂಡಿಸಿದ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬಿಳಿ ಡಬ್ಬಿಯೊಂದನ್ನು ನಡುವೆ ಸಿಕ್ಕಿಸಿ ಹೇಳಿದ:

"ಫೋನಿನ ಮಾತೂ ನೆಟ್ಟೂ ಒಂದ ತಂತಿ ಮ್ಯಾಲ ಬರ್ತಾವ್ರಿ. ಈ ಫಿಲ್ಟರ್ ಎರಡನ್ನೂ ಬ್ಯಾರೆ ಮಾಡತೈತಿ. ಇದನ್ನ ಮಾತ್ರ ತಗೀಬ್ಯಾಡ್ರಿ."

"ನಮ್ಮ ಮನ್ಯಾಗ ಯಾರ್ ತಗೀತಾರ," ಎಂದ ರಫೀಕ.

ತೆಗೆದವನು ಅವನೇ. ಹದಿನೈದು ದಿನದಲ್ಲಿ ಅರಳೆಯ ನಾರು ಕಂಪ್ಯೂಟರಿನ ಹೊಟ್ಟೆ ಸೇರಿ ಅದರ ಫ್ಯಾನು ಉಸಿರುಗಟ್ಟಿ ನಿಂತಿತು. ಬಿಚ್ಚಿ ನೋಡಿದರೆ ಒಂದು ತಲೆದಿಂಬಿಗೆ ಆಗುವಷ್ಟು ಅರಳೆ. ಕಂಪ್ಯೂಟರನ್ನು ಮಾಳಿಗೆಯ ಕೋಣೆಗೆ ಒಯ್ಯಬೇಕೆಂದು ತೀರ್ಮಾನವಾಯಿತು. ಲೈನ್‌ಮನ್‌ನನ್ನು ಕರೆಯೋಣ ಎಂದ ಅಣ್ಣನನ್ನು ರಫೀಕ ಕಣ್ಣಲ್ಲೇ ಸುಟ್ಟು, ಹೊರಗಿನಿಂದ ಬರುವ ತಂತಿಗೆ ಬಾಗಿಲ ಹತ್ತಿರವೇ ಇನ್ನೊಂದು ತಂತಿ ಹೊಸೆದು ಮಾಳಿಗೆಗೆ ಎಳೆದ. ಅರ್ಧ ತಾಸಿನ ಕೆಲಸ. ಬಿಳಿ ಡಬ್ಬಿ ಎಲ್ಲಿಯೂ ಬೇಕಾಗಲಿಲ್ಲ. ಅದನ್ನು ಹುಸ್ನಾಳ ಗುಂಡಿ-ದಾರದ ಡಬ್ಬದೊಳಗೆ ಒಗೆದು, ಚಹಾ ಕುಡಿದು ಹೋದ. ನೆಟ್ ಚೆನ್ನಾಗಿಯೇ ಬಂತು. ಮನೆಯವರೆಲ್ಲ ಹೊಗಳಿದರು.

ಜುಲೈ ಕೊನೆಯ ವಾರ ಕೆಲಸ ಶುರುವಾಯಿತು. ಬೆಳಿಗ್ಗೆ ಪುಟಗಳು ಬರುತ್ತಿದ್ದವು. ಸಂಜೆ ಐದೂವರೆಗೆ ಗುರುಸಂಗಪ್ಪನವರು ತಿದ್ದುಪಡಿ ಕಳಿಸುತ್ತಿದ್ದರು. ತಿದ್ದಿ, ಚಿತ್ರ ಕೂಡಿಸಿ, ಆರೂವರೆಗೆ ಕಳಿಸಲು ಹಚ್ಚಿದರೆ ಅರ್ಧ ತಾಸು ಹಿಡಿಯುತ್ತಿತ್ತು. ಏಳೂಕಾಲರೊಳಗೆ ಅಲ್ಲಿ ಮುಟ್ಟಲೇಬೇಕು, ಅಚ್ಚಿನ ಮಷಿನಿನವರು ಕಾದಿರುತ್ತಾರೆ. ಮೊದಲ ಎಂಟು ದಿನ ಎಲ್ಲವೂ ಸುಸೂತ್ರ. ನಾಜಮೀನ ಮಾಳಿಗೆಯಿಂದ ಇಳಿದು ಬಂದು ಅಜ್ಜಿಯ ಪಕ್ಕ ಕೂತು ಝುಣಕ-ರೊಟ್ಟಿ ತಿನ್ನುವಾಗ ಅವಳ ಮುಖ ನೋಡುವುದೇ ಸುಗರಾಳಿಗೆ ಊಟವಾಗುತ್ತಿತ್ತು.

ಆಗಸ್ಟ್ ಬಂದದ್ದೇ ತೊಂದರೆ ಶುರುವಾಯಿತು. ನೂರಕ್ಕೆ ತೊಂಬತ್ತರಷ್ಟು ಹೋದ ಕಡತ ಅಲ್ಲೇ ನಿಲ್ಲುವುದು, ಮೋಡೆಮ್ಮಿನ ಹಸಿರು ದೀಪ ಕಣ್ಣು ಮಿಟುಕಿಸುವುದು, ನಾಲ್ಕೈದು ನಿಮಿಷಕ್ಕೆ ಮತ್ತೆ ಬರುವುದು. ಆದರೆ ಕಡತ ಮೊದಲಿನಿಂದ ಶುರು. ಅಷ್ಟರಲ್ಲಿ ಏಳೂಕಾಲು. ಮೊದಲು ಮೂರು-ನಾಲ್ಕು ದಿನಕ್ಕೊಮ್ಮೆ ಆದದ್ದು ನಂತರ ದಿನ ಬಿಟ್ಟು ದಿನ, ಆಮೇಲೆ ದಿನಾ.

"ಇದು ಕಂಪನಿಯವರದ ಕೆಲಸ," ಎಂದ ರಫೀಕ, ರೊಟ್ಟಿ ಮುರಿಯುತ್ತ. "ಸಂಜಿ ಹೊತ್ತು ಎಲ್ಲಾರೂ ಹಚ್ಚತಾರ. ಅದಕ್ಕ ಒಬ್ಬೊಬ್ಬರದ ಗಂಟಲಾ ಹಿಚಕತಾರ."

"ನೀ ಹಾಡು ಇಳಿಸಿಕೋತಿಯಲ್ಲ, ಅದರಿಂದ ಆಗಿರಬೇಕು," ಎಂದಳು ಹುಸ್ನಾ. "ತಿಂಗಳಿಗೆ ಇಷ್ಟ ಅಂತ ಮಿತಿ ಐತೆಂತ. ಅದನ್ನೆಲ್ಲಾ ನೀನ ನುಂಗಿ ಕುಂತಿ."

"ವೈನಿ, ಮಿತಿ ಮುಗದ್ರ ಬಿಲ್ ಏರತೈತಿ, ಲೈನ್ ಹೋಗೂದಿಲ್ಲ."

"ನಿನಗೆಲ್ಲಾ ಗೊತ್ತೈತಿ. ತಾಟು ಎತ್ತಿಡೂದೊಂದು ಗೊತ್ತಿಲ್ಲ."

ಮುರ್ತುಜಾಸಾಬರು ಬೇರೆ ಅಪರಾಧಿಯನ್ನು ಹಿಡಿದರು. ಅರಳೆ ಮಷಿನು ತಿರುಗಿದರೆ ರೇಡಿಯೊ ಗೊರಗುಡುವುದನ್ನು ಅವರು ನಲವತ್ತು ವರ್ಷದಿಂದ ಕೇಳಿದ್ದರು. ಆದ್ದರಿಂದ ಸಂಜೆ ಆರಕ್ಕೆ ಮಷಿನು ಬಂದ್ ಎಂದು ಅಪ್ಪಣೆಯಾಯಿತು. ಮುಜಫ್ಫರನಿಗೆ ತಡೆಯಲಾಗಲಿಲ್ಲ.

"ಸವಡಿಯಿಂದ ಮದವಿ ಗಾದಿ ಹೇಳ್ಯಾರಪ್ಪ. ಎಂಟು ಗಾದಿ. ಆರಕ್ಕ ಮಷಿನ್ ನಿಲ್ಲಿಸಿ ನಾ ಏನ್ ಕೈಲೆ ಹಿಂಜಲೇನು?"

"ನಾ ಕೈಲೆ ಹಿಂಜೀನಿ. ನಿನ್ನ ಮದವಿ ಗಾದಿನೂ ನಾನ ಹಿಂಜಿದ್ದು."

"ಅದಕ್ಕ ಅದು ಗಂಟು ಗಂಟು ಇತ್ತು," ಎಂದು ಹುಸ್ನಾ ಒಲೆಯ ಕಡೆ ಮುಖ ಮಾಡಿ ಹೇಳಿದ್ದು ಮಾವನಿಗೆ ಕೇಳಿಸಿತೋ ಇಲ್ಲವೋ, ಮನೆಯ ಉಳಿದವರಿಗೆಲ್ಲ ಕೇಳಿಸಿತು. ಸುಗರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವಾರವಿಡೀ ಮಷಿನು ಆರಕ್ಕೆ ನಿಂತಿತು. ನೆಟ್ ಹೋಗುವುದು ಮಾತ್ರ ತಪ್ಪಲಿಲ್ಲ. ಸಂಗನಬಸವನನ್ನು ಕರೆಸಿದರು. ಅವನು ಬಂದದ್ದು ಹಗಲು ಹನ್ನೊಂದಕ್ಕೆ. ಆಗ ನೆಟ್ ಚಿನ್ನದಂತೆ ನಡೆಯುತ್ತಿತ್ತು. ಕಂಬದ ಮೇಲೆ ಹತ್ತಿ ನೋಡಿದ, ಮಾಳಿಗೆಗೆ ಹೋಗಿ ಮೋಡೆಮ್ ನೋಡಿದ.

"ಲೈನ್ ಚಲೋ ಐತ್ರಿ. ಒಂದ ಕೆಲಸ ಮಾಡವ್ವಾ, ಎಷ್ಟಕ್ಕ ಹೋತು ಅನ್ನೂದನ್ನ ದಿನಾ ಬರದಿಡು. ಅದನ್ನ ಹಿಡಕೊಂಡು ನಾ ಸಾಹೇಬರ ಮುಂದ ಕುಂದರ್ತೀನಿ."

ಹೊಸೆದ ತಂತಿಯನ್ನು ಅವನೂ ನೋಡಲಿಲ್ಲ. ಆ ಬಾಗಿಲ ಹಿಂದೆ ಎಂಟು ಗಾದಿಗಳ ಅರಳೆ ಚೀಲಗಳಿದ್ದವು.

ಗುರುಸಂಗಪ್ಪನವರು ಮುಜಫ್ಫರನ ಮೊಬೈಲಿಗೆ ಫೋನು ಮಾಡಿದರು. ಸಿಟ್ಟಿನ ಮನುಷ್ಯರಲ್ಲ, ಅದೇ ಕಷ್ಟ. "ಹುಡುಗಿ ಕೆಲಸ ಒಂದು ತಪ್ಪಿಲ್ಲ ನೋಡ್ರಿ. ಆದರ ಹೊತ್ತಿಗೆ ಬರಲಿಲ್ಲಂದ್ರ ತಪ್ಪಿಲ್ಲದ್ದು ತಗೊಂಡು ಏನ್ ಮಾಡ್ಲಿ? ಸಾಲಿ ನೂರು ವರ್ಷದ ಸಂಚಿಕಿ ಒಂದು ಐತಿ, ಸಪ್ಟೆಂಬರ್ ಎರಡಕ್ಕ ಕೊನೀ ಪುಟ. ಅದು ಹೊತ್ತಿಗೆ ಬಂತಂದ್ರ ಕೆಲಸ ಆಕಿದು. ಇಲ್ಲಂದ್ರ ಗದಗಿನವರಿಗೆ ಕೊಡ್ತೀನಿ. ಬ್ಯಾಸರ ಮಾಡ್ಕೋಬಾರ್ದು."

ಆ ದಿನ ನಾಜಮೀನ ಊಟ ಮಾಡಲಿಲ್ಲ. ಸುಗರಾ ತಾಟು ಹಿಡಿದು ಮಾಳಿಗೆ ಹತ್ತಿದಳು. ಮೊಣಕಾಲು ನೋವಿನವಳು, ಹತ್ತಿದ್ದು ಆ ವರ್ಷದಲ್ಲಿ ಅದೇ ಮೊದಲು.

"ಉಣ್ಣು. ಹೊಟ್ಟಿ ಏನ್ ತಪ್ಪು ಮಾಡೈತಿ."

"ಆಯಿ, ನಾ ಏನ್ ತಪ್ಪು ಮಾಡೀನಿ ಹೇಳು. ಎಲ್ಲಾ ಮುಗಿಸಿ ಕುಂತಿರ್ತೀನಿ. ಕಣ್ಣ ಮುಂದ ನೆಟ್ ಹೋಗತೈತಿ."

"ಹೋದದ್ದು ಬರತೈತಿ," ಎಂದಳು ಸುಗರಾ. ಅವಳಿಗೆ ಬೇರೇನೂ ಹೇಳಲು ತೋಚಲಿಲ್ಲ. ಮೊಮ್ಮಗಳು ಉಣ್ಣುವತನಕ ಅಲ್ಲೇ ಕೂತಳು.

ಆಗಸ್ಟ್ ಇಪ್ಪತ್ತೆರಡು, ಶುಕ್ರವಾರ. ಮುರ್ತುಜಾಸಾಬರು ಪಡಸಾಲೆಯಲ್ಲಿ ಕನ್ನಡಕ ಏರಿಸಿ, ಗೋಡೆಯ ಕ್ಯಾಲೆಂಡರಿನಿಂದ ನಮಾಜಿನ ವೇಳೆಗಳನ್ನು ಚೀಟಿಗೆ ಇಳಿಸುತ್ತಿದ್ದರು. ಪಕ್ಕದಲ್ಲಿ ನಾಜಮೀನ ನೆಟ್ ಹೋದ ವೇಳೆ ಬರೆದಿಟ್ಟ ನೋಟುಬುಕ್ಕು ಬಿದ್ದಿತ್ತು; ಹಿಂದಿನವನ್ನೂ ಕಂಪ್ಯೂಟರಿನಲ್ಲಿ ನೋಡಿ ತುಂಬಿದ್ದಳು. ಎಂಟನೇ ತಾರೀಖು ಏಳು ಐದು. ಹದಿನೈದು, ಏಳು ಒಂದು. ಹತ್ತೊಂಬತ್ತು, ಆರು ಐವತ್ತೆಂಟು. ಇಪ್ಪತ್ತೊಂದು, ಆರು ಐವತ್ತೇಳು. ಮುದುಕ ಚೀಟಿ ನೋಡಿದರು, ನೋಟುಬುಕ್ಕು ನೋಡಿದರು, ಎದ್ದು ಕ್ಯಾಲೆಂಡರಿಗೆ ಮೂಗು ಹಚ್ಚಿ ನೋಡಿದರು. ಆಮೇಲೆ ಮೊಮ್ಮಗಳನ್ನು ಕರೆದರು.

"ಬೇಟಿ, ಎಂಟನೇ ತಾರೀಖು ಸಂಜಿ ಮಗರಿಬ್ ಆಜಾನ್ ಎಷ್ಟಕ್ಕ?"

"ನನಗೇನ್ ಗೊತ್ತಜ್ಜಾ."

"ಆರು ಐವತ್ತಮೂರು. ಹದಿನೈದಕ್ಕ ಆರು ನಲವತ್ತೊಂಬತ್ತು. ನಿನ್ನಿ ಆರು ನಲವತ್ತೈದು. ನಿನ್ನ ನೆಟ್ ದಿನಾ ಮಗರಿಬ್ ಆದ ಹನ್ನೆರಡ ನಿಮಿಷಕ್ಕ ಹೊಂಟೈತಿ. ಒಂದ ನಿಮಿಷ ಅತ್ಲಾಗಿಲ್ಲ, ಇತ್ಲಾಗಿಲ್ಲ. ಹೊತ್ತು ಮುಳುಗೂದು ಹಿಂದ ಸರದಂಗ ಅದೂ ಸರಕೋತ ಬಂದೈತಿ."

ನಾಜಮೀನ ನೋಟುಬುಕ್ಕು ಕಸಿದುಕೊಂಡು ಬೆರಳೆಣಿಸಿದಳು. ಖರೆಯೇ ಇತ್ತು. ಜುಲೈಯಲ್ಲಿ ಕಡತ ಹೋಗಿ ಮುಟ್ಟಿದ ಮೇಲೆ ನೆಟ್ ಹೋಗುತ್ತಿತ್ತು, ಅದಕ್ಕೇ ಯಾರಿಗೂ ತಿಳಿದಿರಲಿಲ್ಲ. ಈಗ ಹೊತ್ತು ಬೇಗ ಮುಳುಗುತ್ತಿತ್ತು, ಕಡತ ನಡುದಾರಿಯಲ್ಲಿ ಸಿಕ್ಕಿಬೀಳುತ್ತಿತ್ತು.

"ಹಂಗಾರ ಮಸೀದಿ ಮೈಕಿನಿಂದ," ಎಂದ ರಫೀಕ.

"ಬಾಯಿ ಮುಚ್ಚು," ಎಂದರು ಮುರ್ತುಜಾಸಾಬರು. "ಆಜಾನ್ ಮುಗದು, ನಮಾಜ್ ಮುಗದು, ನಾವು ಚಪ್ಲಿ ಹುಡುಕೂ ಹೊತ್ತಿನ್ಯಾಗ ಮೈಕ್ ಎಲ್ಲಿ ಇರತೈತಿ? ಹನ್ನೆರಡ ನಿಮಿಷಕ್ಕ ಈ ಮನ್ಯಾಗ ಏನೋ ಆಗತೈತಿ. ನಾವು ಗಂಡಸರು ಆ ಹೊತ್ತಿಗೆ ಮಸೀದ್ಯಾಗ ಇರ್ತೀವಿ. ಇವತ್ತು ಎಲ್ಲಾರೂ ಮನ್ಯಾಗ ನಮಾಜ್ ಮಾಡೂದು."

ಆ ಸಂಜೆ ಅಪ್ಪ-ಮಕ್ಕಳು ಮೂವರೂ ಪಡಸಾಲೆಯಲ್ಲಿ ನಮಾಜು ಮುಗಿಸಿ, ಕಳ್ಳನನ್ನು ಹಿಡಿಯಲು ಕೂತವರಂತೆ ಸಾಲಾಗಿ ಕೂತರು. ಹುಸ್ನಾ ಚುರಮರಿ ಬುಟ್ಟಿ ತಂದಿಟ್ಟಳು. ಆರು ಐವತ್ತೈದಾಯಿತು. ಮಷಿನು ಸುಮ್ಮನಿತ್ತು, ಮಿಕ್ಸರು ಸುಮ್ಮನಿತ್ತು. ಆರು ಐವತ್ತಾರು. ಗೂಡಿನ ಫೋನು ಟ್ರಿಣ್ ಟ್ರಿಣ್ ಎಂದು ಎರಡು ಸಲ ಬಡಿದು ನಿಂತಿತು. ಅಡುಗೆಮನೆಯಲ್ಲಿ ಸುಗರಾ "ಅಲ್ಹಮ್ದುಲಿಲ್ಲಾ" ಎಂದು ಹೇಳಿ ಚಹಾದ ಪಾತ್ರೆ ಒಲೆಗೆ ಏರಿಸಿದಳು.

"ಹೋತು," ಎಂದು ಮಾಳಿಗೆಯಿಂದ ನಾಜಮೀನ ಕೂಗಿದಳು.

ಮೂವರೂ ಗಂಡಸರು ಫೋನಿನ ಕಡೆ ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

ಅದು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. ಸುಗರಾಳ ತಂಗಿ ಖಾತುನಬಿ ಕೊಣ್ಣೂರಿನವಳು, ಮಲಪ್ರಭೆಯ ದಂಡೆಯ ಮೇಲೆ ಮನೆ. ಹಿಂದೊಮ್ಮೆ ಸೇತುವೆಯ ಮೇಲೆ ನೀರು ಹರಿದು ನಾಲ್ಕು ದಿನ ಅವಳ ಸುದ್ದಿಯೇ ಇಲ್ಲದಂತಾಗಿತ್ತು. ಆ ನಾಲ್ಕು ದಿನ ಸುಗರಾ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅವತ್ತಿನಿಂದ ಅಕ್ಕ-ತಂಗಿಯರ ಕರಾರು: ಮಗರಿಬ್ ನಮಾಜು ಮುಗಿಸಿ ಖಾತುನಬಿ ಪಕ್ಕದ ಹೊನ್ನವ್ವನ ಕಿರಾಣಿ ಅಂಗಡಿಯ ಫೋನಿನಿಂದ ಎರಡು ರಿಂಗು ಕೊಟ್ಟು ಕಟ್ ಮಾಡಬೇಕು. ಎರಡು ರಿಂಗು ಎಂದರೆ ಚೆನ್ನಾಗಿದ್ದೇನೆ. ಮೂರು ಎಂದರೆ ತೊಂದರೆಯಿದೆ, ನೀನೇ ಫೋನು ಮಾಡು. ಆಮೇಲೆ ಹೊನ್ನವ್ವ ಅಂಗಡಿಯ ಬಾಗಿಲು ಹಾಕುತ್ತಿದ್ದಳು. ಗಂಡಸರು ಆಗ ಮಸೀದಿಯಲ್ಲಿರುತ್ತಿದ್ದರು; ಮನೆಯಲ್ಲಿದ್ದವರಿಗೆ ವರ್ಷಗಟ್ಟಲೆ ದಿನಾ ಕೇಳಿ ಕೇಳಿ ಗೋಡೆ ಗಡಿಯಾರದ ಟಿಕ್‌ಟಿಕ್ಕಿನಂತೆ ಅದು ಕಿವಿಗೇ ಬೀಳದಂತಾಗಿತ್ತು.

ಸುಗರಾ ಚಹಾದ ಬಟ್ಟಲುಗಳನ್ನು ತಂದಳು. ಎಲ್ಲರೂ ತನ್ನನ್ನೇ ನೋಡುವುದನ್ನು ಕಂಡು ನಿಂತಳು.

"ಏನಾತು?"

ಮುಜಫ್ಫರ ಮೆಲ್ಲಗೆ ಹೇಳಿದ. ಅವಳು ಬಟ್ಟಲುಗಳನ್ನು ಕೆಳಗಿಟ್ಟಳು.

"ನನ್ನಿಂದ ಆಗಿತ್ತೇನು," ಎಂದಳು.

"ಆಯಿ, ನಿನ್ನಿಂದ ಅಲ್ಲ," ಎಂದು ನಾಜಮೀನ ಮೆಟ್ಟಿಲ ಮೇಲೆ ನಿಂತು ಹೇಳಿದಳಾದರೂ ಅವಳ ದನಿಯಲ್ಲಿ ಬಲವಿರಲಿಲ್ಲ. ಹತ್ತು ಹನ್ನೆರಡು ಸಂಜೆಗಳ ಸಿಟ್ಟು ಯಾರ ಮೇಲಾದರೂ ಇಳಿಯಲು ಕಾದಿತ್ತು. ಅಜ್ಜಿಯ ಮುಖ ನೋಡಿ ಅದು ಎಲ್ಲಿಗೆ ಹೋಗಬೇಕೋ ತಿಳಿಯದೆ ನಿಂತಿತು.

"ಹೊನ್ನವ್ವಗ ತಡಾ ಮಾಡಿ ಬಾಗಿಲ ಹಾಕು ಅನ್ನೂಣು," ಎಂದ ಮುಜಫ್ಫರ.

"ಆಕಿ ಮನಿ ಊರ ಆ ಕಡಿ ಐತಿ, ಕತ್ತಲಾಗೂದ್ರಾಗ ಹೋಗಬೇಕು," ಎಂದಳು ಸುಗರಾ. "ಹಗಲಿ ಹಚ್ಚಿದರ ಸಂಜಿ ಸುದ್ದಿ ಸಿಗೂದಿಲ್ಲ. ಇರ್ಲಿ ಬಿಡ್ರಿ. ಚಹಾ ಆರತೈತಿ."

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಹೊನ್ನವ್ವನ ಅಂಗಡಿಗೆ ಫೋನು ಹಚ್ಚಿ, ನಾನು ಹೇಳುವತನಕ ರಿಂಗು ಕೊಡಬೇಡ ಎಂದು ತಂಗಿಗೆ ತಿಳಿಸಿದಳು.

ಆ ಸಂಜೆ ಕಡತ ಗಾಳಿಯಂತೆ ಹೋಯಿತು. ಮರುದಿನವೂ ಹೋಯಿತು. ಮುಜಫ್ಫರ ಮಷಿನು ಹಚ್ಚಿದ, ಎಂಟು ಗಾದಿ ಸವಡಿಗೆ ಹೋದವು. ಗುರುಸಂಗಪ್ಪನವರು "ಈಗ ಚಲೋ ನಡದೈತಿ" ಎಂದರು. ಮನೆಯಲ್ಲಿ ಜಗಳ ನಿಂತಿತು. ಆದರೆ ಚಹಾ ತಡವಾಗತೊಡಗಿತು. ಯಾವಾಗ ಒಲೆ ಹೊತ್ತಿಸಬೇಕೆಂದು ತಿಳಿಯದವಳಂತೆ ಸುಗರಾ ಗೂಡಿನ ಎದುರು ತಸಬಿಯ ಜಪಮಣಿ ಹಿಡಿದು ಕೂತಿರುತ್ತಿದ್ದಳು. ನಾಲ್ಕನೇ ದಿನ ಪಲ್ಯಕ್ಕೆ ಉಪ್ಪು ಎರಡು ಸಲ ಬಿತ್ತು. ಮುರ್ತುಜಾಸಾಬರು ಒಂದು ಮಾತಾಡದೆ ತಿಂದದ್ದು ನೋಡಿ ಹುಸ್ನಾ ಹೆದರಿದಳು.

ಆಗಸ್ಟಿನ ಕೊನೆಗೆ ಮಲಪ್ರಭೆಯ ಮೇಲ್ಭಾಗದಲ್ಲಿ ಮಳೆ ಜೋರಾಯಿತು. ಎರಡು ದಿನದ ಮೇಲೆ ಬೆಳಿಗ್ಗೆ, ಹೊಳೆಮಣ್ಣೂರಿನ ಕಡೆ ನೀರು ಏರಿದೆ, ಕೊಣ್ಣೂರಿನ ಸೇತುವೆಗೆ ಎರಡು ಮೊಳ ಬಾಕಿಯಿದೆ ಎಂದು ಅಂಗಡಿಗೆ ಬಂದವರು ಹೇಳಿದರು. ನಾಜಮೀನ ಮೆಟ್ಟಿಲಿಳಿದು ಬಂದಾಗ ಅಜ್ಜಿ ಫೋನಿನ ರಿಸೀವರನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸುವಂಥ ಧೂಳು ಅದರ ಮೇಲಿರಲಿಲ್ಲ. ಹುಡುಗಿಗೆ ಅಲ್ಲಿಯೇ ಅಳು ಬಂತು. ತನ್ನ ಹೆಸರಿನ ಕೆಲಸಕ್ಕೆ ಈಕೆ ಏನನ್ನು ಕೊಟ್ಟು ಕೂತಿದ್ದಾಳೆ ಎಂಬುದು ಅವಳಿಗೆ ಅಂದು ಅರ್ಥವಾಯಿತು.

ನೇರ ಟೆಲಿಫೋನ್ ಆಫೀಸಿಗೆ ಹೋದಳು. ಸಂಗನಬಸವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ತೆಳಗಿನ ಫೋನಿಗೆ ನಾ ಹಾಕಿದ ಬಿಳಿ ಡಬ್ಬಿ ಐತಿಲ್ಲೋ?"

ಆ ಮಧ್ಯಾಹ್ನ ರಫೀಕನಿಗೆ ಅಂಗಡಿಯಿಂದ ಬುಲಾವು ಹೋಯಿತು. ಗುಂಡಿ-ದಾರದ ಡಬ್ಬವನ್ನು ಪಡಸಾಲೆಯ ನಡುವೆ ಬೋರಲು ಹಾಕಿದರು. ಅರಿಶಿಣ ಬಣ್ಣದ ದಾರದ ಉಂಡೆ, ತುಕ್ಕು ಹಿಡಿದ ಸೂಜಿ, ಜುಬ್ಬಾದ ಗುಂಡಿಗಳ ನಡುವೆ ಬಿಳಿ ಡಬ್ಬಿ ಬಿದ್ದಿತ್ತು.

"ಕಂಪನಿಯವರು ಗಂಟಲಾ ಹಿಚಕತಾರ ಅಂದ್ಯಲ್ಲ," ಎಂದಳು ಹುಸ್ನಾ. "ಹಿಚಕಿದಂವ ನನ್ನ ದಾರದ ಡಬ್ಬ್ಯಾಗ ಕೈ ಹಾಕಿದಂವ."

ರಫೀಕ ಕೂತು ಚೆಲ್ಲಿದ ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಕ್ಕೆ ಹಾಕತೊಡಗಿದ. ಸಂಗನಬಸವ ಹೊಸೆದ ಗಂಟನ್ನು ಬಿಚ್ಚಿ ಸರಿಯಾದ ಜೋಡಣೆ ಮಾಡಿ, ಡಬ್ಬಿಯನ್ನು ಫೋನಿಗೆ ಸಿಕ್ಕಿಸಿದ. "ಇದು ಇಲ್ಲದ್ದಕ್ಕ ಫೋನ್ ಬಡದಾಗೆಲ್ಲಾ ನೆಟ್ ಹರೀತಿತ್ತು. ಈಗ ಎಷ್ಟ ಬೇಕಾದ್ರೂ ಬಡೀಲಿ," ಎಂದ.

ಅಂದು ಸಪ್ಟೆಂಬರ್ ಎರಡು. ರಂಜಾನ್ ಉಪವಾಸದ ಮೊದಲ ರೋಜಾ. ಸಂಚಿಕೆಯ ಕೊನೆಯ ಪುಟಗಳ ದಿನವೂ ಅದೇ.

"ಇವತ್ತೊಂದಿನ ತಡೀರಿ," ಎಂದ ಮುಜಫ್ಫರ. "ಪುಟ ಹೋಗಿ ಮುಟ್ಟಲಿ. ನಾಳಿಂದ ಖಾತುನ ಚಿಗವ್ವಗ ಹಚ್ಚು ಅನ್ನೂಣು."

"ಹೌದು, ನಾಳೆ ಆಗಲಿ," ಎಂದಳು ಸುಗರಾ ಕೂಡ.

"ಇವತ್ತ," ಎಂದಳು ನಾಜಮೀನ. "ನೀರು ಇವತ್ತ ಏರೈತಿ. ನಾಳೆ ಕೇಳಿ ಏನ್ ಮಾಡೂದು?" ಅಪ್ಪ ಏನೋ ಹೇಳಹೊರಟ. ಅವಳಾಗಲೇ ರಿಸೀವರ್ ಎತ್ತಿ ಹೊನ್ನವ್ವನ ನಂಬರು ಒತ್ತಿ, ಈಗ ಎಷ್ಟು ಬಡಿದರೂ ನೆಟ್ ಹರಿಯುವುದಿಲ್ಲ, ಸಂಜೆ ರಿಂಗು ಕೊಡಲು ಖಾತುನಬಿಗೆ ಹೇಳು ಎಂದು ತಿಳಿಸಿಬಿಟ್ಟಿದ್ದಳು.

ಆರೂವರೆಗೆ ಕಡತ ಹಚ್ಚಿದಳು. ಆರು ಮೂವತ್ತೈದಕ್ಕೆ ಆಜಾನ್ ಆಯಿತು. ಪಡಸಾಲೆಯಲ್ಲಿ ಖಜೂರ, ಮಿರ್ಚಿ ಭಜಿ, ಗಂಜಿ ಹರಡಿಕೊಂಡು ಎಲ್ಲರೂ ರೋಜಾ ಬಿಟ್ಟರು, ನಮಾಜು ಮುಗಿಸಿದರು. ಆದರೆ ಭಜಿಗೆ ಯಾರೂ ಕೈ ಹಾಕಲಿಲ್ಲ. ರಫೀಕ ಮೆಟ್ಟಿಲ ನಡುವೆ ನಿಂತು ಮೇಲಿನ ಸುದ್ದಿ ಕೆಳಗೆ ಹೇಳುತ್ತಿದ್ದ.

"ನಲವತ್ತೈದು ಹೋಗೈತಿ... ಐವತ್ತು..."

ಆರು ನಲವತ್ತೇಳು. ಫೋನು ಬಡಿಯಿತು. ಒಂದು. ಎರಡು.

ಮುರ್ತುಜಾಸಾಬರು ಕಣ್ಣು ಮುಚ್ಚಿದರು. ಸುಗರಾಳ ಬಾಯಿಗೆ "ಅಲ್ಹಮ್ದುಲಿಲ್ಲಾ" ಬಂದಿತ್ತು. ಆದರೆ ಫೋನು ನಿಲ್ಲಲಿಲ್ಲ. ಮೂರು.

ಸುಗರಾಳ ಮುಖದ ಬಣ್ಣ ಹೋಯಿತು. ಮೂರು ರಿಂಗು ಈ ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಾಲ್ಕು. ಐದು. ಕಟ್ ಆಗಲೇ ಇಲ್ಲ. ಅವಳು ರಿಸೀವರ್ ಎತ್ತಿದಳು.

"ಖಾತುನ? ಏನಾತವ್ವಾ? ನೀರು ಬಂತೇನು?"

ಆ ಕಡೆಯ ದನಿ ಪಡಸಾಲೆಗೆಲ್ಲ ಕೇಳಿಸುವಷ್ಟು ದೊಡ್ಡದಿತ್ತು. "ನೀರು ಮಧ್ಯಾಹ್ನನ ಇಳದೈತಿ ಅಕ್ಕಾ. ಏನೂ ಆಗಿಲ್ಲ. ಎಷ್ಟ ಬಡದ್ರೂ ಹುಡುಗೀದು ಹರಿಯಂಗಿಲ್ಲ ಅಂತ ಅಂದರಂತಲ್ಲ, ಖರೇ ಏನ ನೋಡೂಣು ಅಂತ ಬಿಡಲಿಲ್ಲ. ಹೊನ್ನವ್ವನೂ ಇಲ್ಲೇ ನಿಂತಾಳ, ತನ್ನ ಮಗ ಕರಕೊಂಡು ಹೋಗಾಕ ಬಂದಾನ, ಮಾತಾಡು ಅಂದ್ಳು. ಹೇಳು, ಹರೀತೋ ಉಳೀತೋ?"

ಸುಗರಾ ರಿಸೀವರನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಕಡೆ ನೋಡಿದಳು. ರಫೀಕ ಮೇಲೆ ನೋಡಿದ.

"ಅರವತ್ತು," ಎಂದಿತು ಮಾಳಿಗೆಯ ದನಿ. ಸ್ವಲ್ಪ ತಡೆದು, "ಅರವತ್ತೆರಡು. ಆಯಿ, ನೀ ಮಾತಾಡು. ಇಡಬ್ಯಾಡ. ದೀಪ ಹಸರ ಐತಿ."

ಸುಗರಾ ಗೂಡಿನ ಪಕ್ಕ ನೆಲದ ಮೇಲೆ ಕೂತಳು. ಇಷ್ಟು ವರ್ಷ ಸಂಜೆಯ ಹೊತ್ತು ಎರಡು ರಿಂಗಿನಲ್ಲಿ ಮುಗಿಸಿದ ತಂಗಿಯೊಂದಿಗೆ ಅವಳು ಮಾತಾಡಿದಳು. ಗಂಜಿಗೆ ಏನು ಹಾಕಿದೆ, ಆಡು ಈಯಿತೋ, ಮೊಣಕಾಲಿಗೆ ಯಾವ ಎಣ್ಣೆ. ನಕ್ಕಳು ಕೂಡ; ಅವಳು ಅಷ್ಟು ದೊಡ್ಡದಾಗಿ ನಗುವುದು ಮಕ್ಕಳಿಗೇ ಗೊತ್ತಿರಲಿಲ್ಲ. ಭಜಿ ಖಾಲಿಯಾದವು. ಮುರ್ತುಜಾಸಾಬರು ಎರಡು ಭಜಿ ಹೆಂಡತಿಗೆಂದು ತೆಗೆದಿಟ್ಟು, ಯಾರೂ ನೋಡದಾಗ ಅದರಲ್ಲೊಂದು ತಿಂದರು.

ಏಳಕ್ಕೆ ನಾಜಮೀನ ಮೆಟ್ಟಿಲಿಳಿದು ಬಂದಳು. ಒಂದು ಖಜೂರ ಬಾಯಿಗೆ ಹಾಕಿಕೊಂಡು ನಕ್ಕಳು. ಹತ್ತು ನಿಮಿಷಕ್ಕೆ ಮುಜಫ್ಫರನ ಮೊಬೈಲು ಬಡಿಯಿತು. ಗುರುಸಂಗಪ್ಪನವರು.

"ಪುಟ ಮುಟ್ಯಾವ್ರಿ. ಸಂಚಿಕಿ ಕೊನೀ ಪುಟಕ್ಕ ಅಕ್ಷರ ಜೋಡಿಸಿದವರ ಹೆಸರು ಹಾಕೂದೈತಿ. ಆಕಿ ಹೆಸರು ಹ್ಯಾಂಗ ಬರೀಬೇಕು, ಕೇಳಿ ಹೇಳ್ರಿ. ನಾಳಿಂದ ಆಕೀನ ಮಾಡಬೇಕಲ್ಲ."

ಮುಜಫ್ಫರ ಮೊಬೈಲನ್ನು ಮಗಳ ಕೈಗೆ ಕೊಟ್ಟ. ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು. ನಂತರ ಗೂಡಿನ ಕಡೆ ತಿರುಗಿ ನೋಡಿ, "ಇನ್ನೊಂದು ಹೆಸರೂ ಸೇರಸ್ರಿ ಸರ್," ಎಂದಳು. "ನಾಜಮೀನ ಸುಗರಾ ಅಂತ ಬರೀರಿ."

ಆ ಮಾತು ಸುಗರಾಳಿಗೆ ಕೇಳಿಸಲಿಲ್ಲ. ಅವಳಿನ್ನೂ ಫೋನಿನಲ್ಲಿದ್ದಳು.